ಮೋರಿಯ ಆಚೆಗಿದ್ದ ಗಾಡಿ

ಸೊಪ್ಪಿನ ಹೊರೆ ಹೊತ್ತವಳು ರಸ್ತೆಯಲ್ಲಿ ಕತ್ತು ತಿರುಗಿಸಿ ನೋಡಬಾರದು. ಇದು ನಮ್ಮ ಅತ್ತೆ ಮಾಡಿದ ಕಟ್ಟಳೆ. ನಾನು ಮದುವೆಯಾಗಿ ಬಂದ ಎರಡನೇ ವಾರಕ್ಕೆ ನನ್ನ ತಲೆಯ ಮೇಲೆ ಬಟ್ಟೆಯ ಸಿಂಬಿ ಇಟ್ಟು, ಅದರ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಎತ್ತಿಟ್ಟು ಅವರು ಹೇಳಿದ ಮೊದಲ ಮಾತೇ ಅದು.

"ನೋಡೋ ಕೆಲ್ಸ ನಿಂದಲ್ಲ. ಕೂಗೋಳು ಬಾ ಅಂದ್ರೆ ನಡಿ, ನಿಲ್ಲು ಅಂದ್ರೆ ನಿಲ್ಲು. ಕತ್ತು ತಿರುಗುಸ್ದೆ ಅಂದ್ರೆ ಹೊರೆನೂ ಬೀಳ್ತದೆ, ಕತ್ತೂ ಉಳುಕ್ತದೆ."

ಎಸ್ಸೆಸ್ಸೆಲ್ಸಿ ಪಾಸಾದ ಹೆಣ್ಣು ನಾನು. ಗಾಡಿಯ ಎತ್ತಿಗೆ ಹೇಳುವ ಹಾಗೆ ನನಗೆ ಹೇಳುತ್ತಾರಲ್ಲ ಎಂದು ಮುಖ ಊದಿಸಿಕೊಂಡೆ. ಆದರೆ ಹೊತ್ತು ನಡೆದ ಮೇಲೆ ತಿಳಿಯಿತು. ಕಡ್ಡಿ ಸಮೇತ ಕೊಯ್ದ ಸೊಪ್ಪು ಹಣೆಯ ಮೇಲೆ, ಕಿವಿಯ ಮೇಲೆ ಇಳಿಬೀಳುತ್ತದೆ. ಕಾಣುವುದು ಕಾಲಿನ ಮುಂದಿನ ಒಂದೆರಡು ಮಾರು ನೆಲ ಮಾತ್ರ. ನೋಡುತ್ತೇನೆಂದು ಹಟ ಮಾಡಿದರೂ ನೋಡಲು ಆಗುವುದಿಲ್ಲ.

ನಮ್ಮ ಊರು ಕೆಂಗಲ್ ದಾಟಿ ಚನ್ನಪಟ್ಟಣದ ಕಡೆಗೆ ಹೋಗುವಾಗ ಬೆಂಗಳೂರು–ಮೈಸೂರು ರಸ್ತೆಗೆ ಅಂಟಿಕೊಂಡೇ ಇದೆ. ಮನೆ ರಸ್ತೆಯ ಈ ಕಡೆ, ಸೊಪ್ಪಿನ ತೋಟ ಆ ಕಡೆ. ಮನೆಯ ಒಳಗೆ ಮನುಷ್ಯರಿಗಿಂತ ಹೆಚ್ಚು ಜಾಗ ರೇಷ್ಮೆ ಹುಳುಗಳಿಗೆ. ನಾಲ್ಕನೇ ಜ್ವರ ಎದ್ದ ಮೇಲೆ ಹುಳುಗಳ ಹಸಿವು ಹೇಳತೀರದು. ಜ್ವರ ಎಂದರೆ ಕಾಯಿಲೆಯಲ್ಲ, ಪೊರೆ ಬಿಡುವ ಮುಂಚೆ ಅವು ತಿನ್ನದೆ ಸುಮ್ಮನೆ ಕೂರುವುದಕ್ಕೆ ನಮ್ಮ ಕಡೆ ಹಾಗೆ ಹೇಳುತ್ತಾರೆ. ಎದ್ದ ಮೇಲೆ ಏಳೆಂಟು ದಿನ ಹಗಲೂ ರಾತ್ರಿ ತಿನ್ನುತ್ತವೆ. ಬಾಡಿದ ಸೊಪ್ಪು ಮುಟ್ಟುವುದಿಲ್ಲ, ಹೊತ್ತು ಮೀರಿದರೆ ಸೊರಗುತ್ತವೆ. ಮನೆಯ ಗಂಡಸರಿಗೆ ಊಟ ತಡವಾದರೆ ಗೊಣಗಿ ಸುಮ್ಮನಾಗುತ್ತಾರೆ, ಹುಳುಗಳಿಗೆ ಆ ಸೈರಣೆಯೂ ಇಲ್ಲ. ಹಾಗಾಗಿ ದಿನಕ್ಕೆ ಮೂರು ನಾಲ್ಕು ಸಲ ರಸ್ತೆ ದಾಟಲೇಬೇಕು.

ಆ ಕೆಲಸ ನಮ್ಮಿಬ್ಬರದು. ನನ್ನದು ಮತ್ತು ನನ್ನ ಓರಗಿತ್ತಿಯದು, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿಯದು. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಇಬ್ಬರೂ ಸೊಪ್ಪು ಕೊಯ್ಯುವುದು, ಒಬ್ಬಳು ಹೊರುವುದು, ಇನ್ನೊಬ್ಬಳು ಕುಡುಗೋಲು ಹಿಡಿದು ಮುಂದೆ ದಾಟಿ ನಿಂತು ಕೂಗುವುದು. ಒಂದು ದಿನ ಅವಳು ಹೊತ್ತರೆ ಮಾರನೆಯ ದಿನ ನಾನು. ಕೂಗುವುದಕ್ಕೂ ಅತ್ತೆಯದೇ ಲೆಕ್ಕ. ಬೆಂಗಳೂರಿನ ಕಡೆಯಿಂದ ಬರುವ ಗಾಡಿಗೆ ಒಂದು ಆಲದ ಮರ ಗುರುತು. ಚನ್ನಪಟ್ಟಣದ ಕಡೆಯಿಂದ ಬರುವುದಕ್ಕೆ ಮೋರಿ. ಗಾಡಿ ಇನ್ನೂ ಮೋರಿಯ ಆಚೆಗಿದ್ದರೆ 'ಬಾ', ಮೋರಿ ದಾಟಿದ್ದರೆ 'ನಿಲ್ಲು'. ಹೊರೆ ಹೊತ್ತವಳು ರಸ್ತೆ ದಾಟಲು ಹದಿನೈದು ಹೆಜ್ಜೆ ಬೇಕು. ಅತ್ತೆ ಆ ಲೆಕ್ಕದಲ್ಲಿ ತಮ್ಮ ಆಯಸ್ಸನ್ನೆಲ್ಲ ದಾಟಿ, ಕೊನೆಗೆ ಹಾಸಿಗೆಯ ಮೇಲೆ ನೆಮ್ಮದಿಯಾಗಿ ಸತ್ತರು. ಅವರು ಹೋದ ಮೇಲೂ ಲೆಕ್ಕ ಉಳಿಯಿತು.

ಅಕ್ಕನ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡಬೇಕು. ಅವಳು ಆತುರದ ಹೆಂಗಸಲ್ಲ. ಕನಕಪುರದ ಕಡೆಯ ಹಳ್ಳಿಯವಳು, ಎಲ್ಲದರಲ್ಲೂ ನಿಧಾನ. ಅಕ್ಕಿಯಲ್ಲಿ ಕಲ್ಲು ಆರಿಸಿದ ಮೇಲೆ ಇನ್ನೊಂದು ಸಲ ಆರಿಸುವಳು. ತವರಿಗೆ ಹೊರಟರೆ ಮೊದಲನೇ ಬಸ್ಸು ಎಂದೂ ಸಿಗುತ್ತಿರಲಿಲ್ಲ. "ಬತ್ತದೆ ಬುಡಮ್ಮಿ ಇನ್ನೊಂದು, ಅದೇನು ಕೊನೆ ಬಸ್ಸಾ" ಎಂದು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ನಾನು ಸಿಡುಕಿ, ಕಟಕಟ ಮಾತು, ದಡಬಡ ಕೆಲಸ. ನಮ್ಮಿಬ್ಬರನ್ನು ನೋಡಿ ಬೀದಿಯ ಹೆಂಗಸರು ಒಬ್ಬಳನ್ನು ಇನ್ನೊಬ್ಬಳ ಜೊತೆ ಕಲಸಿ ಎರಡು ಮಾಡಿದ್ದರೆ ಚೆನ್ನಾಗಿರುತ್ತಿತ್ತು ಎಂದು ನಗುತ್ತಿದ್ದರು. ನನಗೆ ಮಕ್ಕಳಾಗಲಿಲ್ಲ. ಅಕ್ಕನಿಗೆ ಒಬ್ಬಳೇ ಮಗಳು. ಆ ಹುಡುಗಿ ಇಬ್ಬರ ಮಡಿಲಲ್ಲೂ ಬೆಳೆಯುತ್ತಿತ್ತು.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಿಗೆ ರಸ್ತೆಗೆ ಕೆಲಸ ಹತ್ತಿತು. ಸಾಲುಮರಗಳನ್ನು ಉರುಳಿಸಿದರು. ನಮ್ಮ ಗುರುತಿನ ಆಲದ ಮರವೂ ಬಿತ್ತು, ಅದರ ಜಾಗಕ್ಕೆ ಒಂದು ಕಿಲೋಮೀಟರ್ ಕಲ್ಲು ಬಂತು, ನಾವು ಆ ಕಲ್ಲನ್ನೇ ಗುರುತು ಮಾಡಿಕೊಂಡೆವು. ಹಳೇ ರಸ್ತೆಯ ಪಕ್ಕಕ್ಕೆ ಅಷ್ಟೇ ಅಗಲದ ಇನ್ನೊಂದು ರಸ್ತೆ ಹಾಕಿ, ನಡುವೆ ಕಲ್ಲು ಕಟ್ಟಿ ಡಿವೈಡರ್ ಮಾಡಿದರು. ತೋಟದ ಕಡೆಯ ರಸ್ತೆ ಬೆಂಗಳೂರಿಗೆ ಹೋಗುವವರಿಗೆ, ಮನೆಯ ಕಡೆಯದು ಮೈಸೂರಿಗೆ ಹೋಗುವವರಿಗೆ. ನಮ್ಮ ಊರಿನ ಎದುರು ದಾಟುವುದಕ್ಕೆ ಜಾಗ ಬಿಟ್ಟಿರಲಿಲ್ಲ. ಊರಿನವರು ಎರಡು ಕಲ್ಲು ಕಿತ್ತು ಸಂದಿ ಮಾಡಿಕೊಂಡರು. ಮೋರಿಯನ್ನು ಒಡೆದು ಅದೇ ಜಾಗದಲ್ಲಿ ಹೊಸದು ಕಟ್ಟಿ ಹಳದಿ ಕಪ್ಪು ಬಣ್ಣ ಬಳಿದರು.

ಆ ರಸ್ತೆಯನ್ನು ನನ್ನಷ್ಟು ಹೊಗಳಿದವರು ಊರಿನಲ್ಲಿ ಯಾರೂ ಇರಲಿಲ್ಲ. ಬಿಡದಿಯ ಕಡೆ ಕಾರ್ಖಾನೆಗಳು ಒಂದರ ಹಿಂದೆ ಒಂದು ಎದ್ದಿದ್ದವು. ನನ್ನ ಗಂಡನಿಗೆ ಅಲ್ಲೊಂದು ಕಡೆ ಕೆಲಸ ಸಿಕ್ಕಿತ್ತು. ಮೊದಲು ರಾಮನಗರಕ್ಕೆ ಗೂಡು ಮಾರಲು ಹೊರಟರೆ ಲಾರಿಯ ಹಿಂದೆ ತೆವಳಿ ತೆವಳಿ ಅರ್ಧ ದಿನ ಹಾಳು. ಈಗ ಹತ್ತಿ ಕೂತದ್ದೇ ತಡ, ಗೂಡಿನ ಮಾರುಕಟ್ಟೆ ಬಂದೇ ಬಿಡುತ್ತಿತ್ತು. "ನೋಡಕ್ಕ, ಸೀರೆ ಮಡಿಕೆ ಕೂಡ ಮುದುರ್ನಿಲ್ಲ" ಎಂದು ನಾನು ಬೀಗುತ್ತಿದ್ದೆ. ವೇಗ ಎನ್ನುವುದು ನಮಗೆ ಯಾರೋ ಕೊಟ್ಟ ಉಡುಗೊರೆ ಎಂದುಕೊಂಡಿದ್ದೆ. ನಾವು ಗಾಡಿಯ ಒಳಗೆ ಕೂತಿದ್ದಾಗ ಅದು ಉಡುಗೊರೆಯೇ. ಹೊರಗೆ ನಿಂತವರಿಗೆ ಅದು ಏನು ಎಂದು ನಾನು ಯೋಚನೆ ಮಾಡಲಿಲ್ಲ.

ಯೋಚನೆ ಮಾಡಬೇಕಿತ್ತು. ಗುರುತುಗಳು ಇದ್ದವು. ಮೊದಲು ಊರಿನ ನಾಯಿಗಳು ಸತ್ತವು. ರಸ್ತೆಯಲ್ಲೇ ಮಲಗಿ, ಹಾರನ್ ಕೇಳಿದ ಮೇಲೆ ಸೋಮಾರಿತನದಿಂದ ಎದ್ದು ಹೋಗುತ್ತಿದ್ದ ಹಳೇ ನಾಯಿಗಳು. ಆಮೇಲೆ ಎದುರು ಮನೆಯವರ ಹಸು. ಹಳೇ ರಸ್ತೆಯಲ್ಲಿ ಗಾಡಿ ಕಾಣುತ್ತಿತ್ತು, ಸದ್ದು ಬೆಳೆಯುತ್ತಿತ್ತು, ಬಂತು ಬಂತು ಎನ್ನುತ್ತ ಆಮೇಲೆ ಬರುತ್ತಿತ್ತು. ಹೊಸ ರಸ್ತೆಯಲ್ಲಿ ನಡುವಿನ ಆ ಹೊತ್ತೇ ಇರಲಿಲ್ಲ. ಆದರೂ ನಾವು ಮೋರಿಯ ಲೆಕ್ಕ ಬಿಡಲಿಲ್ಲ. ಈಗ ಕೂಗುವವಳು ಡಿವೈಡರಿನ ಸಂದಿಯಲ್ಲಿ ನಿಲ್ಲುವುದು ಎಂದಾಯಿತು, ಅಷ್ಟೇ ಬದಲಾವಣೆ. ಹೊರೆ ಹೊತ್ತವಳನ್ನು ಮೊದಲು ತೋಟದ ಅಂಚಿನಿಂದ ಡಿವೈಡರಿನ ತನಕ ಕರೆಯುವುದು, ಆಮೇಲೆ ಅಲ್ಲಿಂದ ಮನೆಯ ಕಡೆಗೆ. ಒಂದೊಂದು ರಸ್ತೆಯೂ ಹಳೆಯದರಷ್ಟೇ ಅಗಲ, ಅದೇ ಹದಿನೈದು ಹೆಜ್ಜೆ. ಹಾಗಾಗಿ ಲೆಕ್ಕ ಬದಲಾಗಬೇಕು ಎಂದು ನನಗೆ ಹೊಳೆಯಲಿಲ್ಲ.

ಅಕ್ಕನಿಗೆ ಹೊಳೆದಿತ್ತು. ಒಂದು ದಿನ ಹೊರೆ ಇಳಿಸಿ, ಬೆವರು ಒರೆಸಿಕೊಳ್ಳುತ್ತ ಅಂದಳು, "ಇವತ್ತು ಬೆನ್ನಿಗೆ ಗಾಳಿ ಬಡೀತು ಕಣಮ್ಮಿ. ಮೋರಿ ಸಾಲ್ದೇನೋ. ಒಸಿ ದೂರ ನೋಡಿ ಕೂಗು."

"ಹೊಸಾ ರೋಡಲ್ವಾ ಅಕ್ಕ, ಗಾಳಿನೂ ಹೊಸ್ದು" ಎಂದು ನಾನು ನಕ್ಕೆ.

ಅವಳೂ ನಕ್ಕಳು. ನನ್ನ ಮೇಲೆ ಅವಳಿಗೆ ಅಷ್ಟು ನಂಬಿಕೆ. ಆ ನಗುವನ್ನು ನೆನೆದರೆ ಇವತ್ತಿಗೂ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಅದಾಗಿ ಎರಡು ತಿಂಗಳಿಗೆ ಆದದ್ದು ಇದು. ಹುಳು ಹಣ್ಣಾಗಲು, ಅಂದರೆ ಗೂಡು ಕಟ್ಟಲು, ಇನ್ನು ಮೂರೇ ದಿನ ಇತ್ತು. ಮಧ್ಯಾಹ್ನದ ಸೊಪ್ಪಿಗೆ ಹೋಗಿದ್ದೆವು. ಹೊರುವ ಸರದಿ ಅಕ್ಕನದು. ನಾನು ಕುಡುಗೋಲು ಎರಡನ್ನೂ ಹಿಡಿದು ಮುಂದೆ ದಾಟಿ ಸಂದಿಯಲ್ಲಿ ನಿಂತೆ. ಅಕ್ಕ ತೋಟದ ಅಂಚಿನಲ್ಲಿ ಹೊರೆ ಹೊತ್ತು ನಿಂತಿದ್ದಳು. ಒಂದು ಲಾರಿ ಹೋಯಿತು. ಎರಡು ಬೈಕು ಹೋದವು. ಆಮೇಲೆ ರಸ್ತೆ ಖಾಲಿ. ದೂರದಲ್ಲಿ ಒಂದು ಬಿಳಿ ವ್ಯಾನು, ಮೋರಿಗಿಂತ ಸ್ವಲ್ಪ ಆಚೆ.

ನಾನು ನೋಡಿದೆ. ನೋಡದೆ ಕರೆಯಲಿಲ್ಲ. ಇದನ್ನು ನನ್ನ ಸಮರ್ಥನೆಗೆ ಹೇಳುತ್ತಿಲ್ಲ, ನಡೆದದ್ದು ಹಾಗೆ.

"ಬಾ ಅಕ್ಕ" ಎಂದೆ.

ಅಕ್ಕ ಹೊರಟಳು. ಅವಳದೇ ಅಳೆದು ಇಡುವ ಹೆಜ್ಜೆ. ನಾಲ್ಕೈದು ಹೆಜ್ಜೆ ಇಟ್ಟಿರಬೇಕು, ನಾನು ಮತ್ತೆ ಆ ಕಡೆ ನೋಡಿದರೆ ವ್ಯಾನು ಮೋರಿ ದಾಟಿ ಬಹಳ ಈಚೆ ಬಂದುಬಿಟ್ಟಿದೆ. ಅಷ್ಟು ಬೇಗ ಒಂದು ಗಾಡಿ ಅಷ್ಟು ದೊಡ್ಡದಾದದ್ದನ್ನು ನಾನು ನೋಡಿರಲಿಲ್ಲ. ಬಾಯಿಗೆ ಬಂದದ್ದು ಒಂದೇ ಮಾತು.

"ನಿಲ್ಲು!"

ಅಕ್ಕ ನಿಂತಳು. ರಸ್ತೆಯ ನಟ್ಟನಡುವೆ, ಅತ್ತೆ ಕಲಿಸಿದ್ದ ಹಾಗೆ, ಕತ್ತು ಕೂಡ ಅಲ್ಲಾಡಿಸದೆ ನಿಂತಳು. ವ್ಯಾನಿನವನು ಅವಳ ಹಿಂದಿನಿಂದ ತಪ್ಪಿಸಿಕೊಂಡು ಹೋಗಲು ಗಾಡಿಯನ್ನು ತೋಟದ ಕಡೆಗೆ ಎಳೆದಿದ್ದ. ಅವಳು ನಡೆಯುತ್ತಲೇ ಇದ್ದಿದ್ದರೆ ಗಾಡಿ ಅವಳ ಹಿಂದಿನಿಂದ ಹೋಗುತ್ತಿತ್ತು.

ಆಮೇಲಿನದನ್ನು ಬರೆಯುವುದಿಲ್ಲ. ರಸ್ತೆ ತುಂಬ ಸೊಪ್ಪು ಹರಡಿತ್ತು. ಅಷ್ಟು ಸಾಕು.

ಅದು ಎರಡನೇ ಪಾಳಿಗೆ ಆಳುಗಳನ್ನು ಕರೆದೊಯ್ಯುತ್ತಿದ್ದ ವ್ಯಾನು. ತಡವಾಗಿತ್ತಂತೆ. ಒಳಗೆ ಕೂತಿದ್ದವರಲ್ಲಿ ಕೆಲವರು ತೂಕಡಿಸುತ್ತಿದ್ದರು, ಕೆಲವರು ಮಾತಿನಲ್ಲಿದ್ದರು, ಅವರು ಕಂಡದ್ದು ಬ್ರೇಕಿನ ಸದ್ದಾದ ಮೇಲಿನದನ್ನು ಮಾತ್ರ. ಡ್ರೈವರು ಇಳಿದು ರಸ್ತೆಯಲ್ಲೇ ಕುಸಿದು ಕೂತ. ಇಪ್ಪತ್ತೈದು ಇಪ್ಪತ್ತಾರರ ಪ್ರಾಯ, ಹೊಂಗನೂರಿನ ಕಡೆಯವನು ಎಂದು ಆಮೇಲೆ ಗೊತ್ತಾಯಿತು. ಊರಿನ ಗಂಡಸರು ಓಡಿ ಬಂದು ಅವನ ಅಂಗಿ ಹಿಡಿದರು. ನಾನು ಅಷ್ಟು ಹೊತ್ತಿಗೆ ಅಕ್ಕನ ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದೆ.

"ಹಿಂದ್ಗಡೆಯಿಂದ ತಪ್ಪಿಸ್ಕತ್ತಿದ್ದೆ ಕಣಣ್ಣ, ಆ ಯಮ್ಮ ನಿಂತ್ಬುಡ್ತು. ಬ್ರೇಕ್ ಹೊಡುದ್ರೂ ಗಾಡಿ ನಿಲ್ನಿಲ್ಲ" ಎಂದು ಅವನು ಅಳುತ್ತಿದ್ದ. ಆಮೇಲೆ ನನ್ನ ಕಡೆ ಕೈ ತೋರಿಸಿದ. "ಇವ್ರೇ ನಿಲ್ಲು ಅಂತ ಕೂಗುದ್ರು. ನಡುಕ್ ನಿಂತಿದ್ರು ಇವ್ರು."

ಅಷ್ಟರಲ್ಲಿ ನನ್ನ ಗಂಡನ ಅಣ್ಣ, ಅಕ್ಕನ ಗಂಡ, ಹೊಲದಿಂದ ಬಂದಿದ್ದರು. ಭಾವ ಅಕ್ಕನ ಮುಖವನ್ನೂ ನನ್ನ ಮುಖವನ್ನೂ ನೋಡಿ ಕೇಳಿದರು, "ನೀನೆಲ್ಲಿದ್ದೆ? ನೀನ್ ಕೂಗ್ನಿಲ್ವಾ?"

ನಾನು ಹೇಳಿದೆ, "ನಾನಿನ್ನೂ ತೋಟ್ದಲ್ಲಿದ್ದೆ ಭಾವ."

ಆ ಮಾತು ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ಯೋಚಿಸಿ ಹೇಳಿದ್ದಲ್ಲ. ಆದರೆ ಹೇಳಿದ ಮೇಲೆ ವಾಪಸ್ಸು ತೆಗೆದುಕೊಳ್ಳಲೂ ಇಲ್ಲ. "ಸುಳ್ ಬೇರೆ ಹೇಳ್ತೀಯೇನ್ಲಾ" ಎಂದು ಯಾರೋ ಆ ಡ್ರೈವರಿನ ಕೆನ್ನೆಗೆ ಬಾರಿಸಿದರು. ಅವನು ನನ್ನನ್ನೇ ನೋಡುತ್ತಿದ್ದ. ನಾನು ತಲೆ ಬಗ್ಗಿಸಿ ಅಕ್ಕನ ಕೂದಲಿನಿಂದ ಸೊಪ್ಪು ಆರಿಸುತ್ತ ಕೂತೆ. ಅವನು ಗಾಡಿಯನ್ನು ವಿಪರೀತ ಓಡಿಸಿದ್ದು ನಿಜ. ಅವನು ಹೇಳಿದ್ದು ಸುಳ್ಳಲ್ಲ ಎನ್ನುವುದೂ ಅಷ್ಟೇ ನಿಜ.

ಪೊಲೀಸರು ಬಂದು ಬರೆದುಕೊಂಡರು. ಜೊತೆಗಿದ್ದವಳು ಬರುವ ಮುನ್ನವೇ ಆಕೆ ಆತುರದಲ್ಲಿ, ನೋಡದೆ ರಸ್ತೆಗೆ ಇಳಿದಳು ಎಂದು ಬರೆದು ನನಗೆ ಓದಿ ಹೇಳಿದರು. ಓದು ಬಂದವಳಲ್ಲವೇ, ಕೆಳಗೆ ದುಂಡಗೆ ಸಹಿ ಮಾಡಿದೆ. ಅತ್ತೆಯ ಹಾಗೆ ಓದು ಬಾರದವಳಾಗಿದ್ದರೆ ಹೆಬ್ಬೆಟ್ಟು ಒತ್ತುವಾಗಲಾದರೂ ಕೈ ನಡುಗುತ್ತಿತ್ತೇನೋ.

ಅಂದಿನಿಂದ ಊರಿಗೆಲ್ಲ ಅದೇ ಮಾತು. ಎಂದೂ ಆತುರ ಪಡದವಳು ಅವತ್ತೊಂದು ದಿನ ಆತುರ ಮಾಡಿಬಿಟ್ಟಳಲ್ಲ. ವಿಧಿ ಎಂದರೆ ಹಾಗೆ ಕಣಮ್ಮ. ಹೆಂಗಸರು ನನ್ನ ಬೆನ್ನು ಸವರಿ ಸಮಾಧಾನ ಮಾಡುತ್ತಿದ್ದರು. ನಾನು ಸಮಾಧಾನ ಮಾಡಿಸಿಕೊಳ್ಳುತ್ತಿದ್ದೆ.

ಆ ಹುಳುಗಳನ್ನು ಅಕ್ಕಪಕ್ಕದವರು ಸೊಪ್ಪು ತಂದು ಹಾಕಿ ಉಳಿಸಿದರು. ಹೆಣ ಎತ್ತಿದ ದಿನವೂ ಅವು ತಿನ್ನುತ್ತಲೇ ಇದ್ದವು, ಮೂರನೇ ದಿನ ಹಣ್ಣಾಗಿ ಒಳ್ಳೆಯ ಗೂಡು ಕಟ್ಟಿದವು. ನನಗೆ ಅವುಗಳನ್ನು ಕಂಡರೆ ಅಸಹ್ಯವಾಯಿತು. ಭಾವ ಅದೇ ವರ್ಷ ಹಿಪ್ಪುನೇರಳೆ ಕಿತ್ತು ತೆಂಗಿನ ಸಸಿ ನೆಟ್ಟರು.

ಅದಾದ ಒಂದು ಮಧ್ಯಾಹ್ನ ನಾನೊಬ್ಬಳೇ ರಸ್ತೆಯ ಅಂಚಿನಲ್ಲಿ ಕೂತು ಎಣಿಸಿದೆ. ಮೊದಲೇ ಮಾಡಬೇಕಾಗಿದ್ದ ಕೆಲಸ. ಒಂದು ಟ್ರ್ಯಾಕ್ಟರು ಮೋರಿಯಿಂದ ನಮ್ಮ ಸಂದಿಗೆ ಬರುವಷ್ಟರಲ್ಲಿ ಇಪ್ಪತ್ತೆರಡು ಎಣಿಸಿದೆ. ಹಳೇ ರಸ್ತೆಯ ಲಾರಿ, ಬಸ್ಸುಗಳೂ ಸರಿಸುಮಾರು ಹಾಗೇ ಬರುತ್ತಿದ್ದವು. ಅಂದರೆ ಹದಿನೈದು ಹೆಜ್ಜೆ ಇಟ್ಟು, ಸೆರಗು ಸರಿಮಾಡಿಕೊಳ್ಳುವಷ್ಟು ಹೊತ್ತು ಉಳಿಯುತ್ತಿತ್ತು. ಆಮೇಲೆ ಒಂದು ಕಾರು ಬಂತು. ಆರು ಎಣಿಸುವಷ್ಟರಲ್ಲಿ ಅದು ನನ್ನ ಮುಂದೆ ಹಾದು ಹೋಗಿತ್ತು. ಇನ್ನೊಂದು ಕಾರು, ಏಳು. ಮಿಕ್ಕ ಹೆಜ್ಜೆಗಳಿಗೆ ಅಕ್ಕ ಹೊತ್ತನ್ನು ಎಲ್ಲಿಂದ ತರಬೇಕಿತ್ತು? ಮೋರಿ ಇದ್ದ ಜಾಗದಲ್ಲೇ ಇತ್ತು, ಅವಳ ಕಾಲು ಅವಳದೇ ಇತ್ತು, ಗಾಡಿ ಮಾತ್ರ ಬೇರೆಯಾಗಿತ್ತು. ದೂರವನ್ನು ನೋಡಿ ಕೂಗುತ್ತಿದ್ದೆ, ಹೊತ್ತನ್ನು ನೋಡಬೇಕಿತ್ತು. ಅಲ್ಲೇ ಮಣ್ಣಿನ ಮೇಲೆ ಕೂತು ಗಟ್ಟಿಯಾಗಿ ಅತ್ತುಬಿಟ್ಟೆ. ಹಾದು ಹೋಗುವ ಕಾರುಗಳವರಿಗೆ ಅದು ಕೇಳಿಸುವ ಹಾಗಿರಲಿಲ್ಲ.

ಭಾವನ ದುಃಖ ಕೋಪವಾಗಿ ಕೂತುಬಿಟ್ಟಿತು. ಅವರು ಅಳುವ ಗಂಡಸಲ್ಲ. ಪಿತೃಪಕ್ಷದಲ್ಲಿ ಅಕ್ಕನ ಹೆಸರಿಗೆ ಸೀರೆ ಇಟ್ಟು ಎಡೆ ಹಾಕಿದರೆ ಅವರು ಒಳಗೆ ಬರದೆ ಜಗಲಿಯ ಮೇಲೆ ಕೂರುವರು. "ಒಂದ್ ಗಳಿಗೆ ನಿಂತ್ಕಳಕ್ಕೇನಾಗಿತ್ತು ಅವಳ್ಗೆ? ನೀನು ಬರಗಂಟ ನಿಂತ್ಕಳಕ್ಕಾಗ್ನಿಲ್ವಾ? ಮಗು ಅದೆ ಅನ್ನೋ ಗ್ಯಾನ ಬ್ಯಾಡ್ವಾ?" ಎಂದು ನನ್ನ ಹತ್ತಿರವೇ ಕೇಳುವರು. ಕೇಳಿದಾಗಲೆಲ್ಲ ನನ್ನ ನಾಲಿಗೆಯ ತುದಿಗೆ ಬರುತ್ತಿತ್ತು. ನಾಳೆ ಹೇಳೋಣ ಅನ್ನುತ್ತಿದ್ದೆ. ಹಬ್ಬ ಕಳೆಯಲಿ, ಹುಡುಗಿಯ ಪರೀಕ್ಷೆ ಮುಗಿಯಲಿ. ಹೇಳದಿರುವುದಕ್ಕೆ ನನಗೆ ಸಿಕ್ಕಷ್ಟು ಕಾರಣಗಳು ಯಾವ ವಕೀಲರಿಗೂ ಸಿಕ್ಕಿರಲಾರವು.

ಹುಡುಗಿಯನ್ನು ನಾನೇ ಬೆಳೆಸಿದೆ. ಅಕ್ಕ ಹೋದಾಗ ಅದಕ್ಕೆ ಆರು ವರ್ಷ. ಜಡೆ ಹಾಕಿದೆ, ಸ್ಕೂಲಿಗೆ ಬಿಟ್ಟೆ, ಜ್ವರ ಬಂದರೆ ಎದೆಗೆ ಒತ್ತಿಕೊಂಡು ಮಲಗಿದೆ. ಪ್ರೀತಿಗೆ ಏನೂ ಕೊರತೆ ಮಾಡಲಿಲ್ಲ. ಆದರೆ ಅವಳು ಬಾಗಿಲು ದಾಟಿದರೆ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಿದ್ದರು, "ಉಷಾರು, ನಿಮ್ಮವ್ವನ್ ಥರ ಆತುರ ಮಾಡ್ಬೇಡ." ಅದನ್ನು ಕೇಳಿ ಕೇಳಿ ಆ ಹುಡುಗಿಗೆ ರಸ್ತೆಯೆಂದರೆ ಕಾಲು ಬರದಂತಾಯಿತು. ರಾಮನಗರದ ಕಾಲೇಜಿಗೆ ಸೇರಿದ ಮೇಲೆ ಬಸ್ ಸ್ಟ್ಯಾಂಡಿನ ಎದುರು ನಿಂತೇ ಇರುತ್ತಿದ್ದಳಂತೆ. ಆಟೋಗಳು, ಬೈಕುಗಳು, ಜಾಗ ಸಿಕ್ಕಿದ ಕಡೆ ನುಗ್ಗುವ ಕಾರುಗಳು. ಪೇಟೆಯೊಳಗೆ ಬಂದ ಮೇಲೂ ಹೆದ್ದಾರಿಯ ಓಟವನ್ನು ಬಿಡದವರು. ಗೆಳತಿಯರು ಕೈಹಿಡಿದು ದಾಟಿಸಬೇಕು. ಯಾರೂ ಇಲ್ಲದಿದ್ದರೆ ಮೊದಲನೇ ಪಾಠ ತಪ್ಪಿಸಿಕೊಳ್ಳುತ್ತಿದ್ದಳು.

ಒಂದು ದಿನ ಅವಳೇ ನಗುತ್ತ ಅಂದಳು, "ನಾನು ಅವ್ವನ್ ಥರ ಅಲ್ಲ ಚಿಕ್ಕವ್ವ. ನೋಡ್ದೆ ಇಳಿಯೋಳಲ್ಲ." ನಾನು ಹಿತ್ತಿಲಿಗೆ ಹೋಗಿ ಪಾತ್ರೆ ತಿಕ್ಕುತ್ತ ಕೂತೆ. ತಿಕ್ಕಿದ್ದನ್ನೇ ತಿಕ್ಕಿದೆ.

ಭಾವ ಹೋದರು. ಹೊಟ್ಟೆಯಲ್ಲಿ ಏನೋ ಗಂಟು, ಮೂರು ತಿಂಗಳು ನರಳಿದರು. ಕೊನೆಯ ವಾರ ಅವರ ಬಾಯಿಗೆ ಗಂಜಿ ಹಾಕುತ್ತಿದ್ದಾಗ, "ಅವಳ್ ಮುಖ ನೋಡ್ಬೇಕಲ್ಲ ಅಲ್ಲಿ. ಏನ್ ಕೇಳ್ಲಿ ಅವಳ್ನ?" ಎಂದರು. ಆಗ ಮನೆಯಲ್ಲಿ ನಾವಿಬ್ಬರೇ ಇದ್ದೆವು. ಅದಕ್ಕಿಂತ ಒಳ್ಳೆಯ ಸಮಯ ದೇವರು ಯಾರಿಗೂ ಕೊಡುವುದಿಲ್ಲ. ಸಾಯುವವರಿಗೆ ಯಾಕೆ ನೋವು ಎಂದುಕೊಂಡು ಚಮಚವನ್ನು ಬಾಯಿಗೆ ಹಿಡಿದೆ. ಸುಳ್ಳು, ನೋವು ಅವರಿಗಾಗುತ್ತಿರಲಿಲ್ಲ. ನನಗೆ ಭಯವಾಗಿತ್ತು, ಅಷ್ಟೇ.

ಹುಡುಗಿಗೆ ಮಾಗಡಿಯ ಕಡೆಯ ಸಂಬಂಧ ಗೊತ್ತಾಯಿತು. ಅಪ್ಪ ಅಮ್ಮ ಇಲ್ಲದ ಮಗಳು, ಧಾರೆ ಎರೆಯಲು ನಾನೂ ನನ್ನ ಗಂಡನೂ ನಿಲ್ಲುವುದು ಎಂದು ಎಲ್ಲರೂ ಮಾತಾಡಿಕೊಂಡರು. ಲಗ್ನಪತ್ರಿಕೆಯಲ್ಲೂ ಹಾಗೇ ಅಚ್ಚಾಯಿತು. ಒಂದು ಮಧ್ಯಾಹ್ನ ನಡುಮನೆಯಲ್ಲಿ ಕೂತು ನಾವಿಬ್ಬರೂ ಪತ್ರಿಕೆಗಳ ಮೂಲೆಗೆ ಅರಿಶಿನ ಹಚ್ಚುತ್ತಿದ್ದೆವು. ಅಕ್ಕ ನಿಲ್ಲಬೇಕಾಗಿದ್ದ ಜಾಗದಲ್ಲಿ ನನ್ನ ಹೆಸರು ಇತ್ತು. ಬೆರಳು ಅಲ್ಲಿಗೆ ಬಂದಾಗಲೆಲ್ಲ ಆ ಪತ್ರಿಕೆಯನ್ನು ಬೇಗ ಮಗುಚಿಡುತ್ತಿದ್ದೆ. ನನ್ನ ಕೈಯಿಂದ ಅವಳ ಕೈಗೆ ನೀರು ಎರೆಯುವುದು, ಅಕ್ಕನ ಹೆಸರಿಗೆ ಮಸಿ ಬಳಿದ ಆ ಕೈಯಿಂದ. ಆಗಲಿಲ್ಲ. ಪತ್ರಿಕೆ ಕೆಳಗಿಟ್ಟು ಹೇಳಿದೆ.

ಎಲ್ಲವನ್ನೂ ಹೇಳಿದೆ. ಮೋರಿ, ವ್ಯಾನು, ಬಾ ಎಂದದ್ದು, ನಿಲ್ಲು ಎಂದದ್ದು, ತೋಟದಲ್ಲಿದ್ದೆ ಎಂದದ್ದು. ಅವಳು ಅರಿಶಿನದ ಬೆರಳನ್ನು ಮೇಲೆತ್ತಿಕೊಂಡೇ ಕೂತಿದ್ದಳು.

"ಅವ್ವ ಆತುರ ಮಾಡ್ನಿಲ್ವಾ?" ಎಂದು ಕೇಳಿದಳು.

"ಇಲ್ಲ ಕಣವ್ವ. ನಾನು ಹೇಳ್ದಂಗೆ ಮಾಡುದ್ಲು."

"ಅಪ್ಪಂಗೆ ಗೊತ್ತಿತ್ತಾ?"

"ಇಲ್ಲ."

ಅಳುತ್ತಾಳೆ, ಬೈಯುತ್ತಾಳೆ, ಎದ್ದು ಹೋಗುತ್ತಾಳೆ ಎಂದು ಕಾದೆ. ಅವಳು ಅರಿಶಿನದ ಬಟ್ಟಲನ್ನು ಪಕ್ಕಕ್ಕೆ ಸರಿಸಿ ನಿಧಾನವಾಗಿ ಹೇಳಿದಳು. ನಿಧಾನದಲ್ಲಿ ಅವಳು ಪೂರಾ ಅಕ್ಕನೇ.

"ನೀನು ಕರ್ದೆ ಅಂತ ನಂಗೆ ಕೋಪ ಇಲ್ಲ ಚಿಕ್ಕವ್ವ. ನೀನು ಯಾವಾಗ್ಲೂ ಕರೀತಿದ್ದಂಗೇ ಕರ್ದಿದ್ದೀಯೆ, ಗಾಡಿ ಹಂಗೆ ಬತ್ತದೆ ಅಂತ ನಿಂಗೇನ್ ಗೊತ್ತು. ಆದ್ರೆ ಅಪ್ಪ ಸಾಯೋಗಂಟ ಅವ್ವನ್ ಬೈದ್ಕಂಡೇ ಹೋದ. ನೀನು ಅಲ್ಲೇ ಕುಂತ್ಕಂಡು ಕೇಳುಸ್ಕತ್ತಿದ್ದೆ." ಬೆರಳಿನ ಅರಿಶಿನ ಒರೆಸಿಕೊಂಡು ಅಂದಳು, "ಧಾರೆಗೆ ನೀನು ನಿಂತ್ಕಬ್ಯಾಡ. ಕನಕಪುರದ ಮಾವ ಅತ್ತೆ ನಿಂತ್ಕಳ್ಲಿ."

ನನ್ನ ಗಂಡನಿಗೂ ಅವತ್ತೇ ಹೇಳಿದೆ. ಅವರು ಎದ್ದು ಅಂಗಿ ಹಾಕಿಕೊಂಡು ಹೊರಗೆ ಹೋದರು. ಮದುವೆಯ ತನಕ ನನ್ನ ಜೊತೆ ಅಕ್ಕಿ, ಬೇಳೆ, ಛತ್ರದ ವಿಷಯ ಬಿಟ್ಟು ಒಂದು ಮಾತೂ ಆಡಲಿಲ್ಲ. ಅವರಿಗೆ ಅದು ಒಡಹುಟ್ಟಿದವನ ವಿಷಯ. ಮಾತಾಡಿ ಎಂದು ನಾನೂ ಕೇಳಲಿಲ್ಲ.

ಮದುವೆ ಚನ್ನಪಟ್ಟಣದ ಒಂದು ಛತ್ರದಲ್ಲಿ ನಡೆಯಿತು. ಧಾರೆಯ ಹೊತ್ತಿಗೆ ಕನಕಪುರದಿಂದ ಬಂದಿದ್ದ ಅಕ್ಕನ ತಮ್ಮನೂ ಅವನ ಹೆಂಡತಿಯೂ ಮಂಟಪಕ್ಕೆ ಹೋದರು. ನಾನು ಮೂರನೇ ಸಾಲಿನ ಕುರ್ಚಿಯಲ್ಲಿ ಕೂತಿದ್ದೆ. ಹುಡುಗಿ ಚೆಂದ ಕಾಣುತ್ತಿದ್ದಳು. ಪಕ್ಕದಲ್ಲಿ ನಮ್ಮ ಬೀದಿಯ ಮುದುಕಿಯೊಬ್ಬರು ನನ್ನ ಕೈ ಹಿಡಿದುಕೊಂಡು, ವಾಲಗದ ಸದ್ದಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿದರು, "ಸಾಕ್ದೋಳು ನೀನು, ಇಲ್ಲ್ಯಾಕವ್ವ ಕುಂತಿದ್ದೀ? ಪಾಪ, ಅವತ್ತು ಅವಳು ಅಷ್ಟು ಆತುರ ಮಾಡ್ದೆ ಇದ್ದಿದ್ರೆ ಅವಳೇ ನಿಲ್ತಿದ್ಲು ಅಲ್ಲಿ."

ನಾನು ಎದ್ದು ನಿಂತೆ. ವಾಲಗದವರಿಗಿಂತ ಜೋರಾಗಿ ಹೇಳಬೇಕಾಯಿತು.

"ಅವಳು ಆತುರ ಮಾಡ್ನಿಲ್ಲ ಅಜ್ಜಿ. ನಾನು ತೋಟ್ದಲ್ಲಿರ್ನಿಲ್ಲ, ರಸ್ತೆ ನಡುಕ್ ನಿಂತಿದ್ದೆ. ನಾನೇ ಬಾ ಅಂದೆ, ಬಂದ್ಲು. ನಾನೇ ನಿಲ್ಲು ಅಂದೆ, ನಿಂತ್ಲು. ನಾನು ಸುಳ್ಳು ಹೇಳ್ದೆ."

ಮುದುಕಿ ನನ್ನ ಕೈ ಬಿಟ್ಟರು. ಮುಂದಿನ ಸಾಲಿನವರು ತಿರುಗಿದರು, ಹಿಂದಿನವರು ಏನಂತೆ ಏನಂತೆ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು, ವಾಲಗದವನು ಊದುವುದನ್ನು ನಿಲ್ಲಿಸಿದ. ಮಂಟಪದಿಂದ ಹುಡುಗಿ ತಲೆಯೆತ್ತಿ ನೋಡಿದಳು. ಮದುವೆಗೆ ಬಂದವರೆಲ್ಲ ಕೇಳಿಸಿಕೊಂಡರು. ಕೇಳಬೇಕಾಗಿದ್ದ ಭಾವ ಮಾತ್ರ ಇರಲಿಲ್ಲ.